ಶಾಖಾಚಂದ್ರನ್ಯಾಯವೂ ಒಂದು ಮರದ ಚಿತ್ರವೂ

ಶಾಸ್ತ್ರಪಾಠದಲ್ಲಿ ಶಾಖಾಚಂದ್ರನ್ಯಾಯವೆಂಬುದೊಂದುಂಟು. ಶುಕ್ಲಪಕ್ಷದ ಬಿದಿಗೆಯ ಸಂಜೆ ಪಡುವಣದಲ್ಲಿ ತೋರುವ ಎಳೆಯ ಚಂದ್ರರೇಖೆಯು ಅತಿ ಸೂಕ್ಷ್ಮವಾದುದರಿಂದ ಮಕ್ಕಳ ಕಣ್ಣಿಗೆ ಒಡನೆಯೇ ಬೀಳದು. ಆಗ ಹಿರಿಯರು, “ಅಗೋ, ಆ ಮರದ ಕೊಂಬೆಯ ಮೇಲಿದ್ದಾನೆ ನೋಡು” ಎನ್ನುತ್ತಾರೆ. ಮಗುವು ಮೊದಲು ಮರವನ್ನು ನೋಡುತ್ತದೆ. ಆ ಬಳಿಕ ಕೊಂಬೆಯನ್ನು ಗುರುತಿಸುತ್ತದೆ. ಕೊಂಬೆಯ ತುದಿಯಿಂದಾಚೆಗೆ ದೃಷ್ಟಿಯು ಹರಿದಾಗ ಚಂದ್ರನನ್ನು ಕಾಣುತ್ತದೆ. ಚಂದ್ರನು ಕೊಂಬೆಯ ಮೇಲಿಲ್ಲವೆಂಬುದು ಹೇಳಿದವರಿಗೆ ಗೊತ್ತು. ಕಂಡ ಮೇಲೆ ಮಗುವಿಗೂ ಗೊತ್ತಾಗುತ್ತದೆ. ಭೂಮಿಗೂ ಚಂದ್ರನಿಗೂ ಸರಾಸರಿ ೩,೮೪,೦೦೦ ಕಿಲೋಮೀಟರುಗಳಷ್ಟು ಅಂತರವಿರುವಾಗ ಕೊಂಬೆಗೆ ಅವನೊಡನೆ ಯಾವ ಸಂಬಂಧವೂ ಇಲ್ಲ. ಆದರೂ ಕೊಂಬೆಯಿಲ್ಲದೆ ತೋರಿಸುವುದು ಕಷ್ಟ. ಸೂಕ್ಷ್ಮವಾದುದನ್ನು ಸ್ಥೂಲದ ಮೂಲಕ ತೋರುವ ಈ ಕ್ರಮವನ್ನು ಶಾಸ್ತ್ರಕಾರರು ತಟಸ್ಥಲಕ್ಷಣವನ್ನು ವಿವರಿಸುವಲ್ಲಿ ಹೇಳುವುದುಂಟು. ತಟಸ್ಥವೆಂದರೆ ದಡದಲ್ಲಿ ನಿಂತದ್ದು. ವಸ್ತುವಿನ ಸ್ವರೂಪದಲ್ಲಿ ಸೇರದೆ ಹೊರಗಿದ್ದುಕೊಂಡೇ ವಸ್ತುವನ್ನು ತಿಳಿಸಿಕೊಡುವುದು.

ಅನೇಕ ವರ್ಷಗಳಿಂದ ನಾನು ಈ ನ್ಯಾಯವನ್ನು ಇಷ್ಟಲಿಂಗದ ಪಾಠದಲ್ಲಿ ಬಳಸುತ್ತ ಬಂದವನು. ನಿರಾಕಾರವೂ ನಿರವಯವವೂ ಆದ ಪರಶಿವತತ್ತ್ವವನ್ನು ನೇರವಾಗಿ ಗ್ರಹಿಸಲಾರದ ಸಾಧಕನಿಗೆ ಶ್ರೀಗುರುವು ಕರಸ್ಥಲದಲ್ಲಿ ಇಷ್ಟಲಿಂಗವನ್ನು ಕೊಡುವನು. ಅದು ಕೊಂಬೆಯಂತೆ, ಪರತತ್ತ್ವವು ಚಂದ್ರನಂತೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆನು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಯಾರೂ ಮರುಮಾತಾಡಿರಲಿಲ್ಲ.

ಕೆಲವು ಕಾಲದ ಕೆಳಗೆ ನಮ್ಮ ಪಾಠಶಾಲೆಯ ಒಬ್ಬ ವಿದ್ಯಾರ್ಥಿಯು ಮುದ್ರಿತವಾದ ಒಂದು ಚಿತ್ರವನ್ನು ತಂದು ಮುಂದಿಟ್ಟನು. “ಗುರುಗಳೇ, ತಾವು ಹೇಳುವ ಕೊಂಬೆಯ ಚಂದ್ರನನ್ನು ಪರದೇಶದವರೊಬ್ಬರು ಬರೆದಿದ್ದಾರೆ” ಎಂದನು. ನೋಡಿದೆ. ಸಂಜೆಯ ಬೆಳಕಿನಲ್ಲಿ ಒಂದು ದೊಡ್ಡ ಮರ. ಅದರ ದಟ್ಟವಾದ ಎಲೆಗಳ ನಡುವೆ, ಎಲೆಗಳಿಗಿಂತಲೂ ಮುಂದಕ್ಕೆ, ಎಳೆಯ ಚಂದ್ರ. “ತಮ್ಮಾ, ಬರೆದವನಿಗೆ ಚಂದ್ರನೆಲ್ಲಿರುತ್ತಾನೆಂಬುದೇ ತಿಳಿಯದು, ಮರದ ಹಿಂದಿರಬೇಕಾದವನನ್ನು ಮುಂದಿಟ್ಟಿದ್ದಾನೆ” ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟೆನು. ಹುಡುಗನು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಕೇಳಿದನು: “ಕೊಂಬೆಯ ಮೇಲೆ ಚಂದ್ರನಿಲ್ಲವೆಂಬುದು ನಿಜವಾದರೆ, ನನ್ನ ಅಂಗೈಯ ಮೇಲಿರುವುದೇನು ಗುರುಗಳೇ?”

ನನಗೆ ಉತ್ತರ ತೋಚಲಿಲ್ಲ. “ನಾಳೆ ಹೇಳುವೆ” ಎಂದೆನು. ಆ ನಾಳೆ ಬರಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಆ ಚಿತ್ರದ ವಿಷಯವಾಗಿ ಓದಿ ತಿಳಿದುದನ್ನೂ, ವಚನಾರ್ಥದ ಬೆಳಕಿನಲ್ಲಿ ವಿಚಾರಿಸಿದುದನ್ನೂ ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

೧. ಚಿತ್ರ ಮತ್ತು ಚಿತ್ರಕಾರ

ಚಿತ್ರವನ್ನು ಬರೆದವನು ಬೆಲ್ಜಿಯಂ ದೇಶದ ರೆನೆ ಮಾಗ್ರಿತ್. ಈತನು ೧೮೯೮ನೆಯ ನವೆಂಬರ್ ೨೧ರಂದು ಲೆಸೀನ್ ಎಂಬ ಊರಿನಲ್ಲಿ ಜನಿಸಿ, ೧೯೬೭ನೆಯ ಆಗಸ್ಟ್ ೧೫ರಂದು ಬ್ರಸೆಲ್ಸ್ ನಗರದಲ್ಲಿ ತೀರಿಕೊಂಡನು. ೧೯೧೨ರಲ್ಲಿ, ಈತನಿನ್ನೂ ಬಾಲಕನಾಗಿದ್ದಾಗ, ತಾಯಿಯು ಸಾಂಬ್ರ್ ನದಿಯಲ್ಲಿ ಮುಳುಗಿ ಪ್ರಾಣಬಿಟ್ಟಳು. ತರುಣನಾಗಿ ಗೋಡೆಗೆ ಅಂಟಿಸುವ ಬಣ್ಣದ ಕಾಗದಗಳ ಕಾರ್ಖಾನೆಯಲ್ಲಿ ವಿನ್ಯಾಸ ಬರೆಯುವ ಕೆಲಸ ಮಾಡಿದನು. ಜಾಹೀರಾತುಗಳನ್ನೂ ಬರೆದು ಜೀವನ ಸಾಗಿಸಿದನು. ೧೯೨೭ರಿಂದ ೧೯೩೦ರ ವರೆಗೆ ಪ್ಯಾರಿಸಿನ ಸಮೀಪದಲ್ಲಿದ್ದು, ಬಳಿಕ ಬ್ರಸೆಲ್ಸಿಗೆ ಹಿಂದಿರುಗಿ ಉಳಿದ ಆಯುಷ್ಯವನ್ನು ಅಲ್ಲಿಯೇ ಕಳೆದನು. ದೊಡ್ಡ ಚಿತ್ರಶಾಲೆಯನ್ನಿಟ್ಟುಕೊಳ್ಳದೆ ಸಾಮಾನ್ಯ ಗೃಹಸ್ಥನಂತೆ ಉಡುಪು ಧರಿಸಿ ಮನೆಯಲ್ಲಿಯೇ ಕುಳಿತು ಬರೆಯುತ್ತಿದ್ದನೆಂಬುದು ಪ್ರಸಿದ್ಧ.

ಪ್ರಕೃತ ಚಿತ್ರವು ೧೯೫೬ರದು, ತೈಲವರ್ಣದ್ದು. ಆಂಟ್‌ವರ್ಪ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಇದೇ ವಸ್ತುವನ್ನು ಆತನು ಮತ್ತೆಯೂ ಬರೆದುದುಂಟು. ಚಿತ್ರದ ಹೆಸರು ‘ಸೆಪ್ಟೆಂಬರ್ ಹದಿನಾರು’. ಈ ಹೆಸರನ್ನು ಸೂಚಿಸಿದವನು ಆತನ ಮಿತ್ರನೂ ಕವಿಯೂ ಆದ ಲೂಯಿ ಸ್ಕ್ಯುತನೇರ್. ದಿನಾಂಕವೇ ಹೆಸರಾಗಿರುವುದನ್ನು ಕಂಡು ಪಂಚಾಂಗದ ದೃಷ್ಟಿಯಿಂದ ನೋಡಿದೆ. ೧೯೫೬ನೆಯ ಸೆಪ್ಟೆಂಬರ್ ೧೬ರಂದು ಭಾದ್ರಪದ ಶುಕ್ಲಪಕ್ಷವು ಬಹಳ ಮಟ್ಟಿಗೆ ಕಳೆದು, ಹುಣ್ಣಿಮೆಗೆ ಮೂರು ನಾಲ್ಕು ದಿನಗಳು ಮಾತ್ರ ಉಳಿದಿದ್ದವು. ಅಂದಿನ ಚಂದ್ರನು ಬಹುಭಾಗ ತುಂಬಿದವನು, ಚಿತ್ರದಲ್ಲಿರುವವನು ಎಳೆಯನು. ಆದ್ದರಿಂದ ಹೆಸರನ್ನು ಹಿಡಿದು ಚಿತ್ರದೊಳಕ್ಕೆ ಹೋಗುವ ದಾರಿಯಿಲ್ಲ. ಹೆಸರು ಚಿತ್ರವನ್ನು ವಿವರಿಸಬಾರದೆಂಬುದೇ ಮಾಗ್ರಿತನ ಮತವಾಗಿತ್ತು.

ಚಿತ್ರವನ್ನು ಸಾವಧಾನವಾಗಿ ನೋಡಿದಾಗ ನನ್ನ ಮೊದಲ ತೀರ್ಪು ಅವಸರದ್ದೆಂದು ತಿಳಿಯಿತು. ಈತನಿಗೆ ಬರೆಯಲು ಬಾರದೆಂದು ಯಾರೂ ಹೇಳಲಾರರು. ಎಲೆಗಳ ರಾಶಿ, ಮುಸ್ಸಂಜೆಯ ನೀಲಿ ಬೆರೆತ ಬೂದುಬಣ್ಣ, ಬೊಡ್ಡೆಯ ಭಾರ ಎಲ್ಲವೂ ಕಣ್ಣಿಗೆ ಕಂಡಂತೆಯೇ ಇವೆ. ಒಂದೇ ಒಂದು ಸ್ಥಾನದಲ್ಲಿ ಮಾತ್ರ ಲೋಕದ ನಿಯಮವು ಮುರಿದಿದೆ. ಮರವು ಮರೆಮಾಡಬೇಕಾದುದನ್ನು ಮರೆಮಾಡಿಲ್ಲ. ಉಳಿದುದೆಲ್ಲ ಸರಿಯಾಗಿರುವುದರಿಂದಲೇ ಆ ಒಂದು ಭಂಗವು ನೋಡುವವನನ್ನು ತಡೆದು ನಿಲ್ಲಿಸುತ್ತದೆ. ಹಿರಿಯರು ಬಾಯಲ್ಲಿ ಹೇಳುವ ‘ಚಂದ್ರನು ಕೊಂಬೆಯ ಮೇಲಿದ್ದಾನೆ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ. ನ್ಯಾಯದಲ್ಲಿ ದೃಷ್ಟಿಯು ಕೊಂಬೆಯನ್ನು ದಾಟಿ ಚಂದ್ರನ ಬಳಿಗೆ ಹೋಗುತ್ತದೆ. ಚಿತ್ರದಲ್ಲಿ ಚಂದ್ರನೇ ಮರವನ್ನು ದಾಟಿ ದೃಷ್ಟಿಯ ಬಳಿಗೆ ಬಂದಿದ್ದಾನೆ.

೨. ಅತಿವಾಸ್ತವ ಪಂಥ

ಮಾಗ್ರಿತನು ಸೇರಿದ ಪಂಥಕ್ಕೆ ಸರ್ರಿಯಲಿಸಂ ಎಂದು ಹೆಸರು. ಕನ್ನಡದಲ್ಲಿ ಅತಿವಾಸ್ತವ ಪಂಥವೆನ್ನಬಹುದು. ೧೯೨೪ರಲ್ಲಿ ಪ್ಯಾರಿಸಿನಲ್ಲಿ ಆಂದ್ರೆ ಬ್ರೆತೋಂ ಎಂಬ ಕವಿಯು ಇದರ ಘೋಷಣೆಯನ್ನು ಪ್ರಕಟಿಸಿದನು. ಆತನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವೈದ್ಯವಿದ್ಯಾರ್ಥಿಯಾಗಿ, ಯುದ್ಧದ ಭೀತಿಯಿಂದ ಮನಸ್ಸು ಕದಡಿದ ಸೈನಿಕರ ಶುಶ್ರೂಷೆಯಲ್ಲಿದ್ದವನು. ಸ್ವಪ್ನಗಳಲ್ಲಿ ಮನಸ್ಸಿನ ಅಡಗಿದ ಇಚ್ಛೆಗಳನ್ನು ಹುಡುಕಿದ ವಿಯೆನ್ನಾ ನಗರದ ಫ್ರಾಯ್ಡನ ವಿಚಾರಗಳನ್ನು ಓದಿದ್ದವನು. ಬುದ್ಧಿಯ ಹೆಸರಿನಲ್ಲಿ ನಡೆದ ಲೋಕವೇ ಲಕ್ಷಾಂತರ ಜನರನ್ನು ಕೊಂದುದನ್ನು ಕಂಡ ಆ ತಲೆಮಾರಿನವರಿಗೆ ಬುದ್ಧಿಯ ಮೇಲೆಯೇ ವಿಶ್ವಾಸ ತಪ್ಪಿತು. ಎಚ್ಚರವನ್ನೂ ಕನಸನ್ನೂ ಕೂಡಿಸಿದರೆ ಅವೆರಡಕ್ಕಿಂತ ಮಿಗಿಲಾದ ಒಂದು ಸತ್ಯವು ದೊರೆಯುವುದೆಂದು ಅವರು ನಂಬಿದರು.

ನಮ್ಮ ಶಾಸ್ತ್ರದೃಷ್ಟಿಯಿಂದ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರೂ ಜೀವನ ಅವಸ್ಥೆಗಳೇ. ಒಂದನ್ನು ಇನ್ನೊಂದರೊಡನೆ ಬೆರೆಸುವುದರಿಂದ ತುರ್ಯವು ಸಿದ್ಧಿಸದು. ಮೂರನ್ನೂ ಸಾಕ್ಷಿಯಾಗಿ ಕಾಣುವ ಅರಿವು ಎಚ್ಚತ್ತಾಗ ಮಾತ್ರ ಅದು ಸಿದ್ಧಿಸುವುದು. ಕನಸಿನಲ್ಲಿ ಆನೆಯನ್ನು ಕಂಡವನಿಗೆ ಎಚ್ಚತ್ತ ಮೇಲೆ ಆನೆಯೂ ಇಲ್ಲ, ಅಂಕುಶವೂ ಇಲ್ಲ.

ಆದರೆ ಮಾಗ್ರಿತನು ಈ ವಿಷಯದಲ್ಲಿ ತನ್ನ ಪಂಥದವರಿಗಿಂತ ಸ್ವಲ್ಪ ಬೇರೆಯಾಗಿ ನಿಂತವನೆಂಬುದನ್ನೂ ಹೇಳುವುದು ನ್ಯಾಯ. ಕನಸನ್ನು ಕಂಡಂತೆ ಬರೆದಿಡುವುದು ಆತನ ಕ್ರಮವಾಗಿರಲಿಲ್ಲ. ಎಚ್ಚರದಲ್ಲಿಯೇ ಯೋಚಿಸಿ, ನಾವು ದಿನನಿತ್ಯ ಕಾಣುವ ಮರ, ಕಲ್ಲು, ಬಾಗಿಲು, ದೀಪಗಳನ್ನು ತೆಗೆದುಕೊಂಡು, ಅವುಗಳ ಪರಸ್ಪರ ಸ್ಥಾನವನ್ನು ಮಾತ್ರ ಬದಲಿಸಿದನು. ಕಂಡದ್ದೆಲ್ಲವೂ ಬೇರೊಂದನ್ನು ಮರೆಮಾಡಿಕೊಂಡೇ ಇರುತ್ತದೆ, ಮರೆಯಾದುದನ್ನು ಕಾಣಬೇಕೆಂಬ ಬಯಕೆ ಮನುಷ್ಯನಿಗೆ ಸಹಜ ಎಂಬುದು ಆತನ ಅಭಿಪ್ರಾಯ. ತನ್ನ ಚಿತ್ರಗಳನ್ನು ಸಂಕೇತಗಳೆಂದು ಬಿಡಿಸಿ ಅರ್ಥ ಹೇಳುವವರನ್ನೂ, ತಾಯಿಯ ಮರಣದಂಥ ಬಾಲ್ಯದ ದುಃಖಗಳಿಂದ ವಿವರಿಸುವವರನ್ನೂ ಆತನು ಒಪ್ಪಲಿಲ್ಲ.

೩. ಬೆಡಗೂ ಬೆರಗೂ

ವಚನಗಳನ್ನು ಬಲ್ಲವರಿಗೆ ಇಷ್ಟು ಕೇಳಿದೊಡನೆ ಪ್ರಭುದೇವರ ಬೆಡಗಿನ ವಚನಗಳು ನೆನಪಾಗುವುದು ಸಹಜ. ಅಲ್ಲಿಯೂ ಲೋಕದ ನಿಯಮಗಳು ತಲೆಕೆಳಗಾಗುತ್ತವೆ. ಬೇರು ಮೇಲಾಗುತ್ತದೆ, ಸಣ್ಣದು ದೊಡ್ಡದನ್ನು ನುಂಗುತ್ತದೆ. ಓದುವವನ ರೂಢಿಯ ತಿಳಿವಳಿಕೆಗೆ ಪೆಟ್ಟು ಬೀಳುತ್ತದೆ. ಹಾಗಾದರೆ ಮಾಗ್ರಿತನ ಚಿತ್ರವೂ ಒಂದು ಬೆಡಗೆನ್ನಬಹುದೇ?

ಸಾಮ್ಯವು ಒಂದಂಶದಲ್ಲಿ ಮಾತ್ರ. ಬೆಡಗಿನ ವಚನಕ್ಕೆ ಪರಂಪರೆಯಲ್ಲಿ ಕೀಲಿಯುಂಟು. ಐದು ಎಂದರೆ ಇಂದ್ರಿಯಗಳು, ಮೂರು ಎಂದರೆ ತನುತ್ರಯ ಅಥವಾ ಮಲತ್ರಯ, ಮರವೆಂದರೆ ದೇಹ ಅಥವಾ ಸಂಸಾರ, ಹೀಗೆ ಪ್ರಕರಣವನ್ನು ನೋಡಿ ಟೀಕಾಕಾರರು ಅರ್ಥವನ್ನು ತೆರೆದಿದ್ದಾರೆ. ಶಿವಗಣಪ್ರಸಾದಿ ಮಹದೇವಯ್ಯನವರಿಂದ ಮೊದಲ್ಗೊಂಡು ಗೂಳೂರ ಸಿದ್ಧವೀರಣಾರ್ಯರ ವರೆಗೆ ಶೂನ್ಯಸಂಪಾದನೆಯನ್ನು ಸಂಕಲಿಸಿದ ನಾಲ್ವರೂ ವಚನಗಳನ್ನು ಸಂವಾದದ ಸಂದರ್ಭದಲ್ಲಿಟ್ಟು, ಯಾರು ಯಾರಿಗೆ ಏತಕ್ಕಾಗಿ ಹೇಳಿದರೆಂಬುದು ತಿಳಿಯುವಂತೆ ಮಾಡಿದರು. ಬೆಡಗಿನ ಹಿಂದೆ ಗುರುವಿದ್ದಾನೆ, ಶಿಷ್ಯನಿದ್ದಾನೆ, ನಡೆಯಬೇಕಾದ ಷಟ್‌ಸ್ಥಲದ ಮಾರ್ಗವಿದೆ. ಚಿತ್ರದ ಹಿಂದೆ ಅಂಥ ಕೀಲಿಯಿಲ್ಲ. ಕೀಲಿಯನ್ನು ಹುಡುಕಬೇಡಿರೆಂದು ಚಿತ್ರಕಾರನೇ ಹೇಳಿದ್ದಾನೆ. ಆತನ ಚಿತ್ರವು ಬೆರಗಿನಲ್ಲಿ ನಿಲ್ಲುತ್ತದೆ. ಪ್ರಭುದೇವರ ಬೆಡಗು ಬೆರಗಿನಿಂದ ಹೊರಟು ಬಯಲಿನ ಕಡೆಗೆ ನಡೆಯುತ್ತದೆ.

ಇದನ್ನು ಮರೆತರೆ ಆಗುವ ಪ್ರಮಾದಕ್ಕೆ ನಾನೇ ನಿದರ್ಶನ. ಮಾಗ್ರಿತನು ಬರೆದ ಇನ್ನೊಂದು ಮರದ ಚಿತ್ರವುಂಟು. ‘ರಕ್ತದ ಧ್ವನಿ’ ಎಂದು ಅದರ ಹೆಸರು. ಅದರ ೧೯೫೯ರ ಒಂದು ಪ್ರತಿಯು ವಿಯೆನ್ನಾ ನಗರದಲ್ಲಿದೆ. ಅಲ್ಲಿ ಮರದ ಬೊಡ್ಡೆಗೆ ಗೂಡುಗಳಂತೆ ಬಾಗಿಲುಗಳಿವೆ. ಒಂದರೊಳಗೆ ದೀಪ ಬೆಳಗುವ ಮನೆ, ಮತ್ತೊಂದರೊಳಗೆ ಬಿಳಿಯ ಗೋಳ, ಎಲ್ಲಕ್ಕೂ ಮೇಲಿನ ಬಾಗಿಲು ತುಸುವೇ ತೆರೆದು ಒಳಗೇನಿದೆಯೆಂಬುದು ಕಾಣದು. ಕಂಡೊಡನೆ ನನ್ನ ಮನಸ್ಸು ಹಿಗ್ಗಿತು. ಸ್ಥೂಲದಲ್ಲಿ ಇಷ್ಟಲಿಂಗ, ಸೂಕ್ಷ್ಮದಲ್ಲಿ ಪ್ರಾಣಲಿಂಗ, ಕಾರಣದಲ್ಲಿ ಭಾವಲಿಂಗ ಎಂದು ಲಿಂಗತ್ರಯವನ್ನೇ ಈತನು ಬರೆದಿದ್ದಾನೆಂದು ಒಂದು ಪುಟ ಬರೆದೂಬಿಟ್ಟೆ. ಮರುದಿನ ಆ ಪುಟವನ್ನು ಹರಿದುಹಾಕಿದೆ. ಮೂರನ್ನು ಕಂಡಲ್ಲೆಲ್ಲ ಲಿಂಗತ್ರಯವೆನ್ನುವುದು ಭಕ್ತಿಯಲ್ಲ, ಆಲಸ್ಯ. ಆ ಮನುಷ್ಯನು ಲಿಂಗವನ್ನು ಕಂಡವನಲ್ಲ, ಶರಣರ ಹೆಸರನ್ನು ಕೇಳಿದನೆಂಬುದಕ್ಕೂ ಆಧಾರವಿಲ್ಲ. ಆತನು ಹೇಳದಿರುವುದನ್ನು ಆತನ ಬಾಯಿಂದ ಹೇಳಿಸುವುದು ಅಸತ್ಯ; ಅಸತ್ಯದಿಂದ ಧರ್ಮಕ್ಕೆ ಗೌರವ ಬಾರದು. ವಚನಗಳಿಗೆ ಅರ್ಥ ಹೇಳುವವರೂ ಇದೇ ಎಚ್ಚರವನ್ನಿಟ್ಟುಕೊಳ್ಳಬೇಕು.

ಹಾಗಿದ್ದ ಮೇಲೆ ಚಿತ್ರದಿಂದ ನಮಗೇನು? ಅದು ಉತ್ತರವನ್ನು ಕೊಡದಿದ್ದರೂ ನನ್ನ ದೃಷ್ಟಾಂತದ ಲೋಪವನ್ನು ತೋರಿಸಿತು.

೪. ಕುರುಹು ಎರಡು ಬಗೆ

ಶರಣರು ಇಷ್ಟಲಿಂಗವನ್ನು ಅರಿವಿನ ಕುರುಹೆಂದು ಕರೆದಿದ್ದಾರೆ. ಕುರುಹೆಂಬ ಶಬ್ದವನ್ನು ವಿಚಾರಿಸಬೇಕು. ಲೋಕದಲ್ಲಿ ಕುರುಹುಗಳು ಎರಡು ಬಗೆಯವು.

ಮೊದಲನೆಯದು ತನಗೆ ಸಂಬಂಧವಿಲ್ಲದುದನ್ನು ತೋರುವ ಕುರುಹು. ಕೊಂಬೆಯು ಚಂದ್ರನನ್ನು ತೋರುವುದು, ದಾರಿಯ ಕಲ್ಲು ಊರನ್ನು ತೋರುವುದು ಈ ಬಗೆ. ಊರು ಸೇರಿದವನಿಗೆ ದಾರಿಯ ಕಲ್ಲಿನಿಂದ ಪ್ರಯೋಜನವಿಲ್ಲ. ಕಲ್ಲನ್ನು ಕಿತ್ತುಹಾಕಿದರೂ ಊರಿಗೆ ಹಾನಿಯಿಲ್ಲ. ಚಿತ್ರವೂ ಇದೇ ಬಗೆಯದು. ಮಾಗ್ರಿತನು ೧೯೨೯ರಲ್ಲಿ ಹೊಗೆಬತ್ತಿ ಸೇದುವ ಕೊಳವೆಯೊಂದನ್ನು ಯಥಾವತ್ತಾಗಿ ಬರೆದು, ಇದು ಕೊಳವೆಯಲ್ಲವೆಂದು ಅದರ ಕೆಳಗೆ ತಾನೇ ಬರೆದಿಟ್ಟನು. ಅದರಲ್ಲಿ ತಂಬಾಕು ತುಂಬಿ ಸೇದಲು ಬರುವುದಿಲ್ಲವಷ್ಟೆ; ಚಿತ್ರವು ವಸ್ತುವಲ್ಲ.

ಎರಡನೆಯದು, ವಸ್ತುವೇ ಹೊರಗೆ ಬಂದು ತೋರುವ ಕುರುಹು. ನೆಲದೊಳಗೆ ಬೀಜವಿದೆಯೆಂಬುದಕ್ಕೆ ಮೊಳಕೆಯು ಕುರುಹು. ಆದರೆ ಮೊಳಕೆಯು ಬೀಜದ ಚಿತ್ರವಲ್ಲ. ಬೀಜವನ್ನು ದೂರದಿಂದ ತೋರುವ ಕೈಮರವೂ ಅಲ್ಲ. ಬೀಜವೇ ಮೊಳಕೆಯಾಗಿ ಕಣ್ಣಿಗೆ ಗೋಚರಿಸಿದೆ. ಅದನ್ನು ಕಿತ್ತರೆ ಬೀಜವನ್ನೇ ಕಿತ್ತಂತೆ. ಅದಕ್ಕೆ ನೀರೆರೆದರೆ ಬೀಜಕ್ಕೇ ನೀರೆರೆದಂತೆ. ಕಾಲಾಂತರದಲ್ಲಿ ಅದೇ ಮರವಾಗಿ ನೆರಳು ಕೊಡುತ್ತದೆ.

ಇಷ್ಟಲಿಂಗವು ಈ ಎರಡನೆಯ ಬಗೆಯ ಕುರುಹು. ಅದು ಶಿವನ ರೂಪವನ್ನು ಅನುಕರಿಸುವ ಪ್ರತಿಮೆಯಲ್ಲ. ಅದಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ. ದೀಕ್ಷೆಯಲ್ಲಿ ಶ್ರೀಗುರುವು ಶಿಷ್ಯನ ಚೈತನ್ಯವನ್ನೇ ಲಿಂಗದಲ್ಲಿ ನೆಲೆಗೊಳಿಸಿ ಕರಸ್ಥಲಕ್ಕೆ ಕೊಡುವನೆಂಬುದು ನಮ್ಮ ಸಿದ್ಧಾಂತ. ಒಳಗಿದ್ದುದೇ ಹೊರಗೆ ಬಂದು ಕಣ್ಣೆದುರು ನಿಂತಿದೆ. ಆದುದರಿಂದಲೇ ವೀರಶೈವನು ಅದನ್ನು ಅಂಗದಿಂದ ಅಗಲಿಸನು.

ಶೂನ್ಯಸಂಪಾದನೆಯ ಆದಿಯಲ್ಲಿ ಬರುವ ಅನಿಮಿಷಯ್ಯನ ಪ್ರಸಂಗವು ಈ ಅರ್ಥಕ್ಕೆ ಸಾಕ್ಷಿ. ನೆಲದಲ್ಲಿ ಹೂತುಹೋಗಿದ್ದ ಗುಡಿಯೊಳಗೆ, ಅಂಗೈಯ ಲಿಂಗದಲ್ಲಿ ರೆಪ್ಪೆಯಿಕ್ಕದ ದೃಷ್ಟಿಯನ್ನು ನೆಟ್ಟು ಕುಳಿತಿದ್ದ ಅನಿಮಿಷಯ್ಯನನ್ನು ಪ್ರಭುದೇವರು ಕಾಣುತ್ತಾರೆ. ಆ ಲಿಂಗವು ಪ್ರಭುದೇವರ ಕರಸ್ಥಲಕ್ಕೆ ಬಂದಾಗ ಅನಿಮಿಷಯ್ಯನ ಪ್ರಾಣವೂ ಹೊರಡುತ್ತದೆ. ಲಿಂಗವು ಕೊಂಬೆಯಂಥ ಕುರುಹು ಮಾತ್ರವಾಗಿದ್ದರೆ ಹೀಗಾಗಬೇಕಾದುದಿರಲಿಲ್ಲ. ಚಂದ್ರನನ್ನು ಕಂಡವನ ಮುಂದಿನಿಂದ ಕೊಂಬೆಯನ್ನು ಸರಿಸಿದರೆ ಅವನಿಗಾಗುವ ನಷ್ಟವೇನು? ಅನಿಮಿಷಯ್ಯನಿಗೆ ಕುರುಹೂ ಅರಿವೂ ಒಂದೇ ಆಗಿದ್ದವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅರಿವಿಲ್ಲದೆ ಕುರುಹನ್ನು ಹೊತ್ತು ತಿರುಗುವವರನ್ನು ಶರಣರೇ ಕಟುವಾಗಿ ಟೀಕಿಸಿಲ್ಲವೇ? ಟೀಕಿಸಿದ್ದಾರೆ. ಮೊಳಕೆಯನ್ನು ಕಟ್ಟಿಗೆಯ ತುಂಡೆಂದು ತಿಳಿದು ನೀರೆರೆಯದವನಿಗೆ ಮರವಾಗದು, ತಪ್ಪು ಮೊಳಕೆಯದಲ್ಲ. ಅತ್ತ ಸೊನ್ನಲಿಗೆಯ ಸಿದ್ಧರಾಮಯ್ಯನವರು ಮಹಾಯೋಗಿಗಳಾಗಿದ್ದೂ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅರಿವುಳ್ಳವರೂ ಕುರುಹನ್ನು ಬಿಡಲಿಲ್ಲ. ಎರಡನ್ನೂ ಬೇರ್ಪಡಿಸಿದಾಗಲೇ ದೋಷ.

೫. ಉಪಸಂಹಾರ

ದೃಷ್ಟಾಂತವು ಏಕದೇಶಕ್ಕೆ ಮಾತ್ರ ಸಲ್ಲುವುದೆಂದು ತರ್ಕದಲ್ಲಿ ನಾವೇ ಪಾಠ ಹೇಳುತ್ತೇವೆ. ಮುಖವು ಚಂದ್ರನಂತೆ ಎಂದರೆ ಮುಖದಲ್ಲಿ ಕಳಂಕವನ್ನು ಹುಡುಕಬಾರದು. ಶಾಖಾಚಂದ್ರನ್ಯಾಯವು, ದೃಷ್ಟಿಯನ್ನು ಒಂದು ಕಡೆ ನಿಲ್ಲಿಸುವುದು ಸಾಧಕನಿಗೆ ಅವಶ್ಯಕವೆಂಬಷ್ಟರ ಮಟ್ಟಿಗೆ ಇಷ್ಟಲಿಂಗಕ್ಕೆ ಸಲ್ಲುತ್ತದೆ. ಅದನ್ನು ದಾಟಿ, ಚಂದ್ರನು ಕೊಂಬೆಯಲ್ಲಿ ಇಲ್ಲದಂತೆ ಶಿವನೂ ಲಿಂಗದಲ್ಲಿ ಇಲ್ಲವೆಂಬಲ್ಲಿಗೆ ಎಳೆದರೆ ಅನರ್ಥ. ನಾನು ಹಾಗೆ ಎಳೆಯಲಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂದು ಹೇಳಿಯೂ ಇರಲಿಲ್ಲ. ಹೇಳದೆ ಬಿಟ್ಟ ಕಡೆ ಹುಡುಗನ ಶ್ರದ್ಧೆಯು ಎಡವಿತು. ಎಷ್ಟು ಮಂದಿ ಕೇಳದೆಯೇ ಎಡವಿದರೋ ನಾನರಿಯೆ. ಆ ಚಿತ್ರವು ಬಾರದಿದ್ದರೆ ಇವನೂ ಕೇಳುತ್ತಿರಲಿಲ್ಲ.

ಇನ್ನೊಂದು ಮಾತು. ಚಿತ್ರವನ್ನು ನೋಡಿ ಬೆರಗಾದವನು ಅದನ್ನು ಗೋಡೆಗೆ ತೂಗಿ ತನ್ನ ಕೆಲಸಕ್ಕೆ ಹೋಗಬಹುದು. ಅದು ಅವನಿಂದ ಏನನ್ನೂ ಬೇಡದು. ಇಷ್ಟಲಿಂಗವು ಬೇಡುತ್ತದೆ. ಕಾಯಕವನ್ನು ಬೇಡುತ್ತದೆ, ದಾಸೋಹವನ್ನು ಬೇಡುತ್ತದೆ, ಬಾಗಿಲಿಗೆ ಬಂದವನ ಹಸಿವನ್ನು ತನ್ನ ಹಸಿವೆಂದು ತಿಳಿಯುವ ಮನಸ್ಸನ್ನು ಬೇಡುತ್ತದೆ. ಚಂದ್ರನು ಹತ್ತಿರಕ್ಕೆ ಬಂದನೆಂಬುದು ಚಿತ್ರದಲ್ಲಿ ಒಂದು ಸೋಜಿಗ; ಕರಸ್ಥಲದಲ್ಲಿ ಅದೊಂದು ಹೊಣೆ.

ಹದಿನೈದು ದಿನಗಳ ಬಳಿಕ ಆ ವಿದ್ಯಾರ್ಥಿಯನ್ನು ಕರೆದು ಇಷ್ಟನ್ನೂ ಹೇಳಿದೆನು. “ತಮ್ಮಾ, ಮೊದಲು ನಾನು ಹೇಳಿದ್ದು ಅರ್ಧ ಪಾಠ. ಚಿತ್ರಕಾರನಿಗೆ ತಿಳಿಯದೆಂದು ಅಂದದ್ದು ಅವಸರದ ಮಾತು. ನಿನ್ನ ಅಂಗೈಯ ಮೇಲಿರುವುದು ಕೊಂಬೆಯಲ್ಲ, ಮೊಳಕೆ. ನೀರೆರೆ” ಎಂದೆನು. ಅವನು ಸ್ವಲ್ಪ ಯೋಚಿಸಿ, “ಮರವಾಯಿತೆಂದು ತಿಳಿಯುವುದು ಹೇಗೆ ಗುರುಗಳೇ?” ಎಂದು ಕೇಳಿದನು. “ನೆರಳಿಗೆ ಬೇರೆಯವರು ಬಂದು ನಿಂತಾಗ” ಎಂದೆನು. ಆ ಸಂಜೆ ಪೂಜೆಯ ಸಾಲಿನಲ್ಲಿ ಅವನು ಎಂದಿನಂತೆ ಕುಳಿತಿದ್ದನು. ಆ ಚಿತ್ರವು ಈಗಲೂ ನನ್ನ ಶೂನ್ಯಸಂಪಾದನೆಯ ಪ್ರತಿಯೊಳಗೆ ಗುರುತಿನ ಕಾಗದವಾಗಿದೆ.

ಮನನಕ್ಕೆ

(೧) ತಟಸ್ಥಲಕ್ಷಣವೆಂದರೇನು? ಶಾಖಾಚಂದ್ರನ್ಯಾಯವು ಇಷ್ಟಲಿಂಗಕ್ಕೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ?

(೨) ಕೊಂಬೆಯ ಕುರುಹಿಗೂ ಮೊಳಕೆಯ ಕುರುಹಿಗೂ ಇರುವ ಭೇದವನ್ನು ಅನಿಮಿಷಯ್ಯನ ಪ್ರಸಂಗದಿಂದ ಸಮರ್ಥಿಸಿರಿ.

(೩) ಬೆಡಗಿನ ವಚನಕ್ಕೂ ಅತಿವಾಸ್ತವ ಪಂಥದ ಚಿತ್ರಕ್ಕೂ ಇರುವ ಸಾಮ್ಯವೇನು, ವೈಷಮ್ಯವೇನು?

(೪) ನೀವು ಬಳಸುವ ಒಂದು ದೃಷ್ಟಾಂತವನ್ನು ತೆಗೆದುಕೊಂಡು, ಅದು ಎಲ್ಲಿ ನಿಲ್ಲಬೇಕೆಂಬುದನ್ನು ವಿಚಾರಿಸಿರಿ.